ಫೇಲಾದ ಕಾರು, ಪಾಸಾದ ಕಾರು



2025ರ ಅಕ್ಟೋಬರ್ ತಿಂಗಳ ಒಂದು ಭಾನುವಾರ. ಮಧ್ಯಾಹ್ನದ ಊಟ ಮುಗಿಸಿ ಪತ್ರಿಕೆಯ ಪುರವಣಿ ಹಿಡಿದು ಕುಳಿತಿದ್ದೆ. ಇಂಗ್ಲೆಂಡಿನ ಲೆಸ್ಟರ್ ನಗರದಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕರೆ ಮಾಡಿದಳು. 2003ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ತಂಡದವಳು, ಈಗ ಅಲ್ಲಿನ ಆಸ್ಪತ್ರೆಯೊಂದರಲ್ಲಿ ದಾದಿ. (ಹೆಸರು ಬರೆಯುವುದಿಲ್ಲ. ಆ ತಂಡದವರಿಗೆ ಹೇಗೂ ಗೊತ್ತಾಗುತ್ತದೆ.) ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಬಸ್ಸಿಗಾಗಿ ಚಳಿಯಲ್ಲಿ ಕಾಯುವುದು ಸಾಕಾಗಿ ಹಳೆಯ ಕಾರೊಂದನ್ನು ಕೊಳ್ಳಲು ಹೊರಟಿದ್ದಳು. 2012ರ ಕಾರು, ಬೆಲೆ 1,900 ಪೌಂಡ್.

“ಸಾರ್, ಕಾರಿನ ಹಳೇ ಪರೀಕ್ಷೆಗಳ ಪಟ್ಟಿ ಕಳಿಸಿದೀನಿ, ಒಂದ್ಸಲ ನೋಡಿ.”

“ನನಗೆ ಸೈಕಲ್ ಬಿಟ್ಟು ಬೇರೇನೂ ಓಡಿಸಲು ಬರುವುದಿಲ್ಲವಲ್ಲಮ್ಮ!”

“ಕಾರು ನೋಡೋದು ಬೇಡ ಸಾರ್, ಪಟ್ಟಿ ಓದಿ. ಆಕರ ನೋಡದೆ ಚರಿತ್ರೆ ಬರೀಬಾರ್ದು ಅಂತ ನೀವೇ ಬೋರ್ಡ್ ಮೇಲೆ ಬರೆಸ್ತಿದ್ರಲ್ಲ.”

ಹೀಗೆ ಕಟ್ಟಿಹಾಕಿದ ಮೇಲೆ ಓದದೆ ವಿಧಿಯಿರಲಿಲ್ಲ. ಕನ್ನಡಕ ಹುಡುಕಿಕೊಂಡು ಕುಳಿತವನು ಸಂಜೆಯ ಕಾಫಿಯವರೆಗೂ ಏಳಲಿಲ್ಲ. ಆ ಪಟ್ಟಿಯನ್ನು ಕುರಿತೂ, ಅದರ ಹಿಂದಿರುವ ಅರುವತ್ತೈದು ವರ್ಷಗಳ ಚರಿತ್ರೆಯನ್ನು ಕುರಿತೂ, ಅದರಿಂದ ನನಗೆ ನೆನಪಾದ ನಮ್ಮ ಮನೆಯದೇ ಒಂದು ಸಂಗತಿಯನ್ನು ಕುರಿತೂ ಇಲ್ಲಿ ಬರೆಯುತ್ತಿದ್ದೇನೆ.

ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಕಾರು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಪರೀಕ್ಷೆಗೆ ಹಾಜರಾಗಬೇಕು. ಅದಕ್ಕೆ ಎಂ.ಒ.ಟಿ. ಎಂದು ಹೆಸರು. ಸಾರಿಗೆ ಮಂತ್ರಾಲಯ ಎಂಬುದರ ಇಂಗ್ಲಿಷ್ ಹೆಸರಿನ ಮೂರು ಮೊದಲಕ್ಷರಗಳು ಅವು. ತಮಾಷೆಯೆಂದರೆ ಆ ಹೆಸರಿನ ಮಂತ್ರಾಲಯವು 1970ರಲ್ಲಿಯೇ ಮತ್ತೊಂದು ಇಲಾಖೆಯಲ್ಲಿ ಲೀನವಾಗಿ ಹೋಯಿತು. ಪರೀಕ್ಷೆಗೆ ಮಾತ್ರ ಅದರ ಹೆಸರೇ ಅಂಟಿಕೊಂಡು ಉಳಿದಿದೆ. ಕಾರಿನ ನೋಂದಣಿ ಸಂಖ್ಯೆಯೊಂದು ಗೊತ್ತಿದ್ದರೆ ಸಾಕು, ಆ ಕಾರು ಯಾವ ಯಾವ ದಿನ ಪರೀಕ್ಷೆಗೆ ಬಂತು, ತೇರ್ಗಡೆಯಾಯಿತೋ ಇಲ್ಲವೋ, ಏಕೆ ಇಲ್ಲ, ಆ ದಿನಕ್ಕೆ ಎಷ್ಟು ಮೈಲಿ ಓಡಿತ್ತು ಎಂಬುದನ್ನೆಲ್ಲ ಯಾರು ಬೇಕಾದರೂ ಕಾಸು ಕೊಡದೆ ಸರಕಾರದ ಜಾಲತಾಣದಲ್ಲಿ ನೋಡಬಹುದು. ಸುರಕ್ಷತೆಯ ದೋಷಕ್ಕಾಗಿ ತಯಾರಕರು ವಾಪಸು ಕರೆದಿದ್ದರೆ ಅದನ್ನೂ ನೋಡಬಹುದು. ಯಾವ ಕೇಂದ್ರದಲ್ಲಿ ಪರೀಕ್ಷೆ ನಡೆಯಿತು ಎಂದು ತಿಳಿಯಲು ಮಾತ್ರ ವಾಹನದ ನೋಂದಣಿ ಪುಸ್ತಕದಲ್ಲಿರುವ ಹನ್ನೊಂದು ಅಂಕಿಗಳ ಸಂಖ್ಯೆ ಬೇಕು.

ಈ ಏರ್ಪಾಡು ಒಂದೇ ದಿನದಲ್ಲಿ ಆದದ್ದಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ ಸಾಲದಲ್ಲಿ ಮುಳುಗಿತ್ತು. ಕಾರ್ಖಾನೆಗಳಲ್ಲಿ ತಯಾರಾದ ಹೊಸ ಕಾರುಗಳಲ್ಲಿ ಹೆಚ್ಚಿನವು ವಿದೇಶೀ ವಿನಿಮಯಕ್ಕಾಗಿ ಹಡಗು ಹತ್ತಿ ಹೋಗುತ್ತಿದ್ದವು. ಪೆಟ್ರೋಲಿನ ಪಡಿತರ 1950ರ ಮೇ ತಿಂಗಳವರೆಗೂ ಮುಂದುವರಿಯಿತು. ಊರಿನ ಸಾಮಾನ್ಯ ಮನುಷ್ಯನಿಗೆ ಸಿಗುತ್ತಿದ್ದುದು ಯುದ್ಧಕ್ಕೆ ಮುಂಚಿನ ಹಳೆಯ ಗಾಡಿಯೇ. 1922ರಲ್ಲಿ ಹುಟ್ಟಿ 1939ರಲ್ಲಿ ತಯಾರಿಕೆ ನಿಂತ ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರುಗಳು ಐವತ್ತರ ದಶಕದಲ್ಲಿಯೂ ಓಡಾಡುತ್ತಿದ್ದವು. ಅವುಗಳ ಬ್ರೇಕು ಕೆಲಸ ಮಾಡುತ್ತಿದ್ದುದು ಎಣ್ಣೆಯ ಒತ್ತಡದಿಂದಲ್ಲ, ನಮ್ಮ ಸೈಕಲ್ಲಿನ ಹಾಗೆ ತಂತಿ ಎಳೆದು. ಅಂಥ ಗಾಡಿಗಳು ದಿನೇ ದಿನೇ ದಟ್ಟವಾಗುತ್ತಿದ್ದ, ವೇಗ ಹೆಚ್ಚುತ್ತಿದ್ದ ರಸ್ತೆಗಳಿಗೆ ಬಂದವು. 1959ರ ನವೆಂಬರ್ 2ರಂದು ಎಂ-1 ಎಂಬ ಹೆದ್ದಾರಿಯ ಮೊದಲ ದೊಡ್ಡ ಭಾಗವನ್ನು ಸಾರಿಗೆ ಮಂತ್ರಿ ಅರ್ನೆಸ್ಟ್ ಮಾರ್ಪಲ್ಸ್ ಉದ್ಘಾಟಿಸಿದಾಗ ಅದರ ಮೇಲೆ ವೇಗಮಿತಿಯೇ ಇರಲಿಲ್ಲ!

ಹಳೆಯ ವಾಹನಗಳನ್ನು ಪರೀಕ್ಷಿಸುವ ಅಧಿಕಾರವನ್ನು 1956ರ ರಸ್ತೆ ಸಂಚಾರ ಕಾಯ್ದೆ ಕೊಟ್ಟಿತ್ತು. ಅದು ಕಾರ್ಯರೂಪಕ್ಕೆ ಬಂದದ್ದು ಮಾರ್ಪಲ್ಸ್ ಮಂತ್ರಿಯಾಗಿದ್ದಾಗ, 1960ರ ಸೆಪ್ಟೆಂಬರಿನಲ್ಲಿ. ಹತ್ತು ವರ್ಷ ದಾಟಿದ ಗಾಡಿಗಳಿಗೆ ಮಾತ್ರ ಪರೀಕ್ಷೆ. ನೋಡುತ್ತಿದ್ದುದು ಮೂರೇ ವಿಷಯ, ಬ್ರೇಕು, ದೀಪ ಮತ್ತು ಸ್ಟೀರಿಂಗ್. ಜನ ಅದನ್ನು ‘ಹತ್ತು ವರ್ಷದ ಪರೀಕ್ಷೆ’ ಎಂದೇ ಕರೆದರು. ಈ ಮೂರೇ ವಿಷಯದಲ್ಲಿ ಎಷ್ಟು ಕಾರುಗಳು ಅನುತ್ತೀರ್ಣವಾದವೆಂದರೆ ಅಧಿಕಾರಿಗಳೇ ಗಾಬರಿಯಾಗಿ 1961ರ ಕೊನೆಯ ಹೊತ್ತಿಗೆ ಹತ್ತನ್ನು ಏಳಕ್ಕೆ ಇಳಿಸಿದರು. ಪರೀಕ್ಷೆ ನಡೆಸುವ ತನಕ ಮಕ್ಕಳು ಓದಿದ್ದಾರೆಂದೇ ನಂಬಿರುವ ಮೇಷ್ಟರ ಪಾಡೇ ಅವರದೂ ಆಗಿತ್ತು.

1966ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 7,985 ಮಂದಿ ಸತ್ತರು. ಯುದ್ಧಕಾಲದ ಕತ್ತಲೆಯ ರಸ್ತೆಗಳನ್ನು ಬಿಟ್ಟರೆ ಅಲ್ಲಿನ ಚರಿತ್ರೆಯಲ್ಲಿಯೇ ಅದು ಅತ್ಯಂತ ಹೆಚ್ಚಿನ ಸಂಖ್ಯೆ. ಆಗ ಸಾರಿಗೆ ಮಂತ್ರಿಯಾಗಿದ್ದಾಕೆ ಬಾರ್ಬರಾ ಕ್ಯಾಸಲ್. ಆಕೆಗೆ ಕಾರು ಓಡಿಸಲು ಬರುತ್ತಿರಲಿಲ್ಲ ಎಂಬುದು ವಿರೋಧಿಗಳ ದೊಡ್ಡ ಆಕ್ಷೇಪವಾಗಿತ್ತು. (ಈ ಒಂದು ವಿಷಯದಲ್ಲಿ ಆಕೆಯೂ ನಾನೂ ಸಮಾನರು.) ಕುಡಿದು ಓಡಿಸುವವರನ್ನು ಉಸಿರಿನಿಂದ ಹಿಡಿಯುವ ಕಾನೂನನ್ನು 1967ರಲ್ಲಿ ತಂದದ್ದು ಆಕೆಯೇ. ಅದೇ ವರ್ಷದ ಏಪ್ರಿಲಿನಲ್ಲಿ ಕಾರಿನ ಪರೀಕ್ಷೆಯ ವಯಸ್ಸು ಮೂರು ವರ್ಷಕ್ಕೆ ಇಳಿಯಿತು. ಮುಂದೆ ಟೈರು ಸೇರಿತು. 1977ರಲ್ಲಿ ಗಾಜೊರೆಸುವ ವೈಪರು, ತಿರುವಿನ ದೀಪ, ಹಾರ್ನು, ಹೊಗೆಕೊಳವೆ, ಕಾರಿನ ಒಡಲು ಇವೆಲ್ಲ ಸೇರಿದವು. 1991ರಲ್ಲಿ ಪೆಟ್ರೋಲ್ ಗಾಡಿಗಳ ಹೊಗೆಯ ಅಳತೆ ಬಂತು. ಒಡಲಿನ ಪರೀಕ್ಷೆ ಅಲ್ಲಿ ಏಕೆ ಮುಖ್ಯವೆಂಬುದನ್ನು ನಾನು 2019ರಲ್ಲಿ ಮಗನ ಮನೆಗೆ ಬರ್ಮಿಂಗ್‌ಹ್ಯಾಮಿಗೆ ಹೋಗಿದ್ದಾಗ ತಿಳಿದುಕೊಂಡೆ. ಚಳಿಗಾಲದಲ್ಲಿ ರಸ್ತೆಯ ಮೇಲೆ ಮಂಜು ಕಟ್ಟದಿರಲೆಂದು ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಕಾರಿನ ತಳಕ್ಕೆ ಸಿಡಿದು, ಮೇಲೆ ಬಣ್ಣ ಹೊಳೆಯುತ್ತಿರುವಾಗಲೇ ಕೆಳಗಿನಿಂದ ಕಬ್ಬಿಣವನ್ನು ತಿಂದುಹಾಕುತ್ತದೆ. ಮಗನ ಕಾರನ್ನು ಮೇಲಕ್ಕೆತ್ತಿ ನಿಲ್ಲಿಸಿ, ಪರೀಕ್ಷಕ ಅದರ ಕೆಳಗೆ ನಿಂತು ದೀಪ ಹಿಡಿದು ಒಂದೊಂದನ್ನೂ ಅಲುಗಾಡಿಸಿ ನೋಡುತ್ತಿದ್ದುದನ್ನು ನಾನು ಬೆರಗಿನಿಂದ ನೋಡಿದ್ದೆ.

ಈ ವಿಷಯದಲ್ಲಿ ಬ್ರಿಟನ್ನೇ ಮೊದಲಿನದೆಂದು ತಿಳಿಯಬೇಕಿಲ್ಲ. ಜರ್ಮನಿಯೂ ಜಪಾನೂ 1951ರಲ್ಲಿಯೇ ನಿಯತಕಾಲಿಕ ಪರೀಕ್ಷೆಯ ಕಾನೂನು ಮಾಡಿದ್ದವು. ಜರ್ಮನಿಯಲ್ಲಿ ಕಾರುಗಳನ್ನು ಪರೀಕ್ಷಿಸುವ ಹೆಸರಾಂತ ಸಂಸ್ಥೆಗಳ ಮೂಲವಂತೂ ಕಾರು ಹುಟ್ಟುವುದಕ್ಕೂ ಮೊದಲಿನದು. 1865ರಲ್ಲಿ ಮ್ಯಾನ್‌ಹೈಮ್ ನಗರದ ಬಿಯರ್ ಕಾರ್ಖಾನೆಯೊಂದರಲ್ಲಿ ಉಗಿಯ ಬಾಯ್ಲರ್ ಸಿಡಿಯಿತು. ಮರುವರ್ಷ ಬಾಯ್ಲರುಗಳ ಮಾಲೀಕರೇ ಒಂದಾಗಿ, ಪರಸ್ಪರರ ಬಾಯ್ಲರುಗಳನ್ನು ತಜ್ಞರಿಂದ ಪರೀಕ್ಷಿಸಿಕೊಳ್ಳುವ ಸಂಘ ಕಟ್ಟಿಕೊಂಡರು. ಇಂದಿನ ಕಾರು ಪರೀಕ್ಷಕರು ಆ ಸಂಘಗಳ ಸಂತತಿ.

ಆದರೆ ಪರೀಕ್ಷೆ ಬೇರೆ, ಪರೀಕ್ಷೆಯ ನೆನಪು ಬೇರೆ. ಬ್ರಿಟನ್ನಿನಲ್ಲಿ ನಲವತ್ತೈದು ವರ್ಷ ಪರೀಕ್ಷೆಯ ಫಲಿತಾಂಶ ಒಂದು ಕಾಗದದ ಚೂರಾಗಿತ್ತು. ಆ ವರ್ಷದ ಕಾಗದ ಬಂದರೆ ಹೋದ ವರ್ಷದ್ದನ್ನು ಎಸೆಯುತ್ತಿದ್ದರು. ಖಾಲಿ ಪ್ರಮಾಣಪತ್ರಗಳ ಕಟ್ಟುಗಳು ಕಳುವಾಗುತ್ತಿದ್ದವು, ಖೋಟಾ ಪತ್ರಗಳು ಮಾರಾಟವಾಗುತ್ತಿದ್ದವು. 2005ರಿಂದ ಪರೀಕ್ಷಾ ಕೇಂದ್ರಗಳೆಲ್ಲ ಒಂದೇ ಗಣಕಜಾಲಕ್ಕೆ ಸೇರತೊಡಗಿದವು. ಅಂದಿನಿಂದ ಪ್ರತಿಯೊಂದು ಕಾರಿಗೂ ಒಂದು ಚರಿತ್ರೆ ದೊರಕಿತೆನ್ನಬೇಕು. ಮಾರುವವನು ಹಾಳೆಯನ್ನು ಹರಿದು ಹಾಕಬಹುದಿತ್ತು. ಈಗ ಅದು ಅವನ ಕೈಯಲ್ಲಿಲ್ಲ. ಮೈಲಿ ಸೂಚಕವನ್ನು ಹಿಂದಕ್ಕೆ ತಿರುಗಿಸುವ ಹಳೆಯ ವಿದ್ಯೆಗೂ ಇದರಿಂದ ದೊಡ್ಡ ಪೆಟ್ಟು ಬಿತ್ತು. ಪ್ರತಿವರ್ಷ ಪರೀಕ್ಷಕ ಓದಿ ದಾಖಲಿಸಿದ ಸಂಖ್ಯೆಗಳು ಸಾಲಾಗಿ ನಿಂತಿರುವಾಗ, ನಡುವೆ ಒಂದು ಸಂಖ್ಯೆ ಇಳಿದರೆ ಮಕ್ಕಳೂ ಗುರುತಿಸಬಲ್ಲರು.

ಈಗ ನಮ್ಮ ಹುಡುಗಿಯ ಪಟ್ಟಿಗೆ ಬರೋಣ. 2012ರ ಜೂನಿನಲ್ಲಿ ನೋಂದಣಿಯಾದ ಕಾರು. ಮೊದಲ ಪರೀಕ್ಷೆ 2015ರ ಜೂನ್, ತೇರ್ಗಡೆ. 2016, 2017 ತೇರ್ಗಡೆ. 2018ರಲ್ಲಿ ಫೇಲು: ಮುಂದಿನ ಟೈರೊಂದರ ಗೀರಿನ ಆಳ ಕಾನೂನು ಕೇಳುವ 1.6 ಮಿಲಿಮೀಟರಿಗಿಂತ ಕಡಿಮೆ. ನಾಲ್ಕು ದಿನ ಬಿಟ್ಟು ತೇರ್ಗಡೆ. 2019ರ ಜೂನ್ ತೇರ್ಗಡೆ. ಆಮೇಲೆ 2020ರ ಜೂನಿನಲ್ಲಿ ಏನೂ ಇಲ್ಲ! ಮುಂದಿನ ಪರೀಕ್ಷೆ ಡಿಸೆಂಬರಿನಲ್ಲಿ.

“ಇಲ್ಲಿ ಆರು ತಿಂಗಳು ಮೋಸ ಇದೆ ಸಾರ್” ಎಂದಿದ್ದಳು ಆಕೆ. ಅವಳು ಅಲ್ಲಿಗೆ ಹೋದದ್ದು 2022ರಲ್ಲಿ. ಆಗ ನನ್ನ ಮಗ ಅಲ್ಲಿದ್ದುದರಿಂದ ನನಗೆ ನೆನಪಿತ್ತು. ಕೊರೊನಾ ಕಾರಣದಿಂದ 2020ರ ಮಾರ್ಚ್ 30ರಿಂದ ಮುಂದೆ, ಜುಲೈ ಕೊನೆಯವರೆಗೆ ಅವಧಿ ಮುಗಿಯುತ್ತಿದ್ದ ಕಾರುಗಳಿಗೆ ಸರಕಾರವೇ ಆರು ತಿಂಗಳ ವಿನಾಯಿತಿ ಕೊಟ್ಟಿತ್ತು. ಜೂನಿಗೆ ಆರು ಸೇರಿಸಿದರೆ ಡಿಸೆಂಬರ್. ಕಾರು ನಿರಪರಾಧಿ. ಮೈಲಿಗಳೂ ಕ್ರಮವಾಗಿಯೇ ಏರಿದ್ದವು: 2018ರಲ್ಲಿ 61 ಸಾವಿರ, 2020ರಲ್ಲಿ 73 ಸಾವಿರ, 2022ರ ಡಿಸೆಂಬರಿನಲ್ಲಿ 86 ಸಾವಿರ.

ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಅಲ್ಲಿ ಪರೀಕ್ಷಕರು ತೇರ್ಗಡೆ ಮಾಡಿದ ಕಾರಿಗೂ ಒಂದು ಮಾತು ಬರೆಯುವುದುಂಟು. ‘ಈಗ ಪರವಾಗಿಲ್ಲ, ಮುಂದೆ ಗಮನವಿರಲಿ’ ಎಂಬ ಅರ್ಥದ ಸೂಚನೆ ಅದು. ನಾವು ಪ್ರಗತಿ ಪತ್ರದ ಕೆಳಗೆ ಬರೆಯುತ್ತಿದ್ದೆವಲ್ಲ, ‘ಗಣಿತದಲ್ಲಿ ಇನ್ನೂ ಶ್ರಮ ಬೇಕು’ ಎಂದು, ಹಾಗೆ. (2018ರ ಮೇ ತಿಂಗಳಿಂದ ದೋಷಗಳನ್ನು ಅಪಾಯಕಾರಿ, ದೊಡ್ಡದು, ಸಣ್ಣದು ಎಂದು ವಿಂಗಡಿಸುತ್ತಾರೆ. ಮೊದಲ ಎರಡಿದ್ದರೆ ಫೇಲು. ಈ ಸೂಚನೆಯ ಸಾಲು ಅವುಗಳ ಆಚೆಗಿನದು.) 2019ರಲ್ಲಿ ಹೀಗೊಂದು ಸೂಚನೆಯಿತ್ತು: ಹಿಂಬದಿಯ ಬ್ರೇಕ್ ಪೈಪಿಗೆ ತುಸು ತುಕ್ಕು ಹಿಡಿದಿದೆ. 2020ರಲ್ಲಿಯೂ ಅದೇ. 2021ರಲ್ಲಿ ಅದೇ. 2022ರ ಡಿಸೆಂಬರಿನಲ್ಲಿಯೂ ಅದೇ. ಆಮೇಲೆ ಹದಿನಾರು ತಿಂಗಳು ಪರೀಕ್ಷೆಯೇ ಇಲ್ಲ. 2024ರ ಏಪ್ರಿಲಿನಲ್ಲಿ ಬಂದಾಗ ಕೇವಲ ನಾನೂರು ಮೈಲಿ ಹೆಚ್ಚಾಗಿತ್ತು. ಎಂದರೆ ಎಲ್ಲೋ ನಿಂತಲ್ಲೇ ನಿಂತಿತ್ತು. ಫಲಿತಾಂಶ ತೇರ್ಗಡೆ. ಸೂಚನೆ ಒಂದೂ ಇಲ್ಲ. 2025ರ ಏಪ್ರಿಲ್, ತೇರ್ಗಡೆ. ಸೂಚನೆ ಒಂದೂ ಇಲ್ಲ.

ನಾಲ್ಕು ಸಲ ಹೇಳಿದ ಮಾತನ್ನು ಐದನೆಯ ಸಲ ಯಾರೂ ಹೇಳಲಿಲ್ಲ. ತುಕ್ಕು ತಾನಾಗಿ ಮಾಯವಾಗುವ ವಸ್ತುವಲ್ಲ. ಪೈಪನ್ನು ಬದಲಾಯಿಸಿರಬೇಕು, ಇಲ್ಲವೆ ತುಕ್ಕು ಕಾಣದಂತಾಗಿರಬೇಕು. ಆಕರದ ಮಾತಿಗಿಂತ ಆಕರದ ಮೌನವನ್ನು ಓದುವುದು ಕಷ್ಟ. ಹಾಳೆ ಎರಡು ಕಾರಣಕ್ಕೂ ಒಂದೇ ರೀತಿ ಮೌನವಾಗಿರುತ್ತದೆ. ಪೈಪು ಬದಲಾಯಿಸಿದ ರಸೀತಿ ಇದೆಯೇ ಎಂದು ಮಾರುವವನನ್ನು ಕೇಳು ಎಂದು ಹೇಳಿದೆ. “ಅಷ್ಟು ಸಣ್ಣ ವಿಷಯಕ್ಕಾ ಸಾರ್? ಈಗ ಪಾಸಾಗಿದೆಯಲ್ಲ?” ಎಂದಳು. ನನ್ನ ದನಿ ಸ್ವಲ್ಪ ಏರಿತೆಂದು ಕಾಣುತ್ತದೆ. ತರಗತಿಯಲ್ಲಿಯೂ ಅಷ್ಟು ಗಟ್ಟಿಯಾಗಿ ನಾನು ಅವಳನ್ನು ಗದರಿದವನಲ್ಲ.

ಏಕೆಂದು ಹೇಳುತ್ತೇನೆ. ಇದನ್ನು ನಮ್ಮ ಬಂಧುಗಳಲ್ಲಿ ಹಿರಿಯರು ಬಲ್ಲರು, ಕಿರಿಯರಿಗೆ ತಿಳಿಯದು.

1987ರ ಜನವರಿ. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಸಕಲೇಶಪುರದ ಕಡೆ ಸಣ್ಣ ಕಾಫಿ ತೋಟ ಮಾಡಿಕೊಂಡಿದ್ದ ದೊಡ್ಡಪ್ಪನ ಮಗ, ನಾವೆಲ್ಲ ಅಣ್ಣ ಎನ್ನುವವನು, ಹಳೆಯ ಅಂಬಾಸಡರ್ ಕಾರೊಂದನ್ನು ಕೊಳ್ಳಲು ಹಾಸನಕ್ಕೆ ಬಂದ. 1972ರ ಗಾಡಿ, ಎಂವೈ ಎಂದು ಆರಂಭವಾಗುವ ಹಳೆಯ ಮೈಸೂರು ರಾಜ್ಯದ ನಂಬರು. (ಈಗಿನ ಕೆಎ ಬಂದದ್ದು 1989ರಲ್ಲಿ.) “ನೀನು ಓದಿದವನು, ಕಾಗದ ಪತ್ರ ನೀನು ನೋಡು” ಎಂದು ನನ್ನನ್ನು ಕರೆದೊಯ್ದ. ನಾನು ನೋಡಿದೆ. ಆರ್.ಸಿ. ಪುಸ್ತಕದಲ್ಲಿದ್ದ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ಗಾಡಿಯೊಂದಿಗೆ ತಾಳೆ ನೋಡಿದೆ. ತೆರಿಗೆ ಕಟ್ಟಿತ್ತು. ವಿಮೆ ಇತ್ತು. ಮಾರುವವನ ಸಹಿ ಸರಿಯಾಗಿತ್ತು. ಕಾರನ್ನು ಆಗ ತಾನೇ ತೊಳೆದಿದ್ದರು. ಹಿಂದಿನ ಗಾಲಿಯ ಒಳಮೈಯಲ್ಲಿ ಒದ್ದೆಯ ಕಲೆಯಿತ್ತು, ನೀರೆಂದುಕೊಂಡೆ. ಓಡಿಸಿ ತೋರಿಸಿದ ಚಾಲಕ ನಿಲ್ಲಿಸುವ ಮುಂಚೆ ಬ್ರೇಕನ್ನು ಎರಡು ಸಲ ತುಳಿಯುತ್ತಿದ್ದ, ಅದು ಅವನ ಅಭ್ಯಾಸವೆಂದುಕೊಂಡೆ. “ಎಲ್ಲ ಸರಿಯಾಗಿದೆ ಅಣ್ಣ” ಎಂದು ಹೇಳಿದವನು ನಾನು.

ಮಾರ್ಚಿನಲ್ಲಿ ಅಣ್ಣ, ಅತ್ತಿಗೆ, ನನ್ನ ತಾಯಿ ಧರ್ಮಸ್ಥಳಕ್ಕೆ ಹೊರಟರು. ನಾನೂ ಹೋಗಬೇಕಿತ್ತು, ಪರೀಕ್ಷಾ ಮೇಲ್ವಿಚಾರಣೆ ಬಿದ್ದು ಉಳಿದುಕೊಂಡೆ. ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಬ್ರೇಕು ಪೂರ್ತಿ ಕೈಕೊಟ್ಟಿತು. ಆ ಕಾಲದ ಆ ಗಾಡಿಗಳಲ್ಲಿ ನಾಲ್ಕು ಗಾಲಿಗೂ ಸೇರಿ ಬ್ರೇಕ್ ಎಣ್ಣೆಗೆ ಒಂದೇ ದಾರಿ. ಒಂದು ಕಡೆ ಸೋರಿದರೆ ನಾಲ್ಕೂ ಹೋದಂತೆ. ಒಂದು ಬದಿಗೆ ಕಣಿವೆ, ಇನ್ನೊಂದು ಬದಿಗೆ ಗುಡ್ಡ. ಅಣ್ಣ ಗುಡ್ಡಕ್ಕೇ ಕಾರನ್ನು ಒರೆಸಿಕೊಂಡು ಹೋಗಿ ನಿಲ್ಲಿಸಿದ. ತಾಯಿಗೆ ತರಚು ಗಾಯ, ಅತ್ತಿಗೆಯ ಮುಂಗೈ ಮುರಿಯಿತು. ಅಣ್ಣನ ಬಲಮೊಣಕಾಲು ಮತ್ತೆ ಸರಿಯಾಗಿ ಮಡಚಲಿಲ್ಲ. ತೋಟದ ಏರು ಹತ್ತಲಾಗದೆ ಎರಡು ವರ್ಷದಲ್ಲಿ ಮೇಲಿನ ತೋಟವನ್ನು ಮಾರಿದ. ನಜ್ಜುಗುಜ್ಜಾದ ಗಾಡಿಯ ಹಿಂದಿನ ಗಾಲಿ ಬಿಚ್ಚಿದ ಮೆಕ್ಯಾನಿಕ್, ಒಳಗೆ ಎಣ್ಣೆ ಸೋರಿ ಸೋರಿ ಕರಿಗಟ್ಟಿದ್ದುದನ್ನು ನನಗೆ ತೋರಿಸಿದ. ಇದು ಇವತ್ತು ನಿನ್ನೆಯದಲ್ಲ ಎಂದ. ನಾನು ನೀರೆಂದುಕೊಂಡಿದ್ದ ಕಲೆ ಅದೇ ಜಾಗದ್ದು. ಅಣ್ಣ ಈ ಮೂವತ್ತೆಂಟು ವರ್ಷಗಳಲ್ಲಿ ಒಮ್ಮೆಯೂ ಆ ಮಾತೆತ್ತಿಲ್ಲ. ಎತ್ತಿದ್ದರೆ ವಾಸಿಯಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅಂಬಾಸಡರ್ ಎಂಬುದು ಮತ್ತೇನಲ್ಲ, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮೂರನೆಯ ಶ್ರೇಣಿ. ಅದರ ಅಚ್ಚುಗಳನ್ನು ತಂದು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಐವತ್ತರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿದರು. ಎಂದರೆ ಒಂದೇ ತಾಯಿಯ ಎರಡು ಮಕ್ಕಳು. ಅಲ್ಲಿ ಉಳಿದ ಮಾರಿಸ್ ವರ್ಷಕ್ಕೊಮ್ಮೆ ಪರೀಕ್ಷಕನ ಮುಂದೆ ಗಾಲಿ ತೋರಿಸಬೇಕಾಯಿತು. ಇಲ್ಲಿಗೆ ಬಂದ ಮಗು ಖಾಸಗಿ ಮನೆಯಲ್ಲಿದ್ದರೆ ಯಾರಿಗೂ ತೋರಿಸಬೇಕಾಗಿರಲಿಲ್ಲ. ನಮ್ಮ 1939ರ ಮೋಟಾರು ವಾಹನ ಕಾಯ್ದೆಯಲ್ಲಿಯೂ, ಅದರ ಜಾಗಕ್ಕೆ ಬಂದ 1988ರ ಕಾಯ್ದೆಯಲ್ಲಿಯೂ ಎಫ್.ಸಿ. ಎಂದು ನಾವೆಲ್ಲ ಕರೆಯುವ ಅರ್ಹತಾ ಪತ್ರದ ಕಟ್ಟು ಇರುವುದು ಬಸ್ಸು, ಲಾರಿ, ಟ್ಯಾಕ್ಸಿಗಳಿಗೆ. ಸ್ವಂತದ ಕಾರಿಗೆ ನೋಂದಣಿಯಾದ ದಿನದಿಂದ ಹದಿನೈದು ವರ್ಷ ಯಾವ ನಿಯತ ಪರೀಕ್ಷೆಯೂ ಇಲ್ಲ. ಹದಿನೈದು ತುಂಬಿದಾಗ ನಿರೀಕ್ಷಕರಿಗೆ ತೋರಿಸಿ ಐದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಆ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೇರಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000 ಆಯಿತು. ಹೊಗೆ ತಪಾಸಣೆಯ ಚೀಟಿ ಇದೆಯಲ್ಲ ಎನ್ನಬೇಡಿ. ಅದು ಹೊಗೆಯನ್ನು ಮಾತ್ರ ನೋಡುತ್ತದೆ, ಬ್ರೇಕನ್ನು ನೋಡುವುದಿಲ್ಲ.

ನಮ್ಮಲ್ಲಿಯೂ ಈಗ ವಾಹನದ ದಾಖಲೆ ಫೋನಿನಲ್ಲಿಯೇ ಸಿಗುತ್ತದೆ. ನೋಂದಣಿ ಯಾವಾಗ, ಎಷ್ಟನೆಯ ಮಾಲೀಕ, ವಿಮೆ ಎಲ್ಲಿಯವರೆಗೆ, ಬ್ಯಾಂಕಿನ ಸಾಲ ತೀರಿದೆಯೇ ಎಂಬುದೆಲ್ಲ ಅಲ್ಲಿದೆ. ಸಾಲದ ವಿಷಯದಲ್ಲಂತೂ ನಮ್ಮ ಆರ್.ಸಿ.ಯೇ ಮೇಲು. ಬ್ರಿಟನ್ನಿನ ನೋಂದಣಿ ಪುಸ್ತಕ, ತಾನು ಒಡೆತನದ ಸಾಕ್ಷಿಯಲ್ಲವೆಂದು ತಾನೇ ಹೇಳಿಕೊಳ್ಳುತ್ತದೆ. ಕಾರಿನ ಮೇಲೆ ಸಾಲವಿದೆಯೇ ಎಂದು ತಿಳಿಯಲು ಅಲ್ಲಿ ಬೇರೆಯಾಗಿ ಹಣ ಕೊಟ್ಟು ವಿಚಾರಿಸಬೇಕು. ಆದರೆ ನಮ್ಮ ದಾಖಲೆಗೆ ನೆನಪಿರುವುದು ಕಾರು ಯಾರದು ಎಂಬುದು. ಕಾರು ಹೇಗಿದೆ ಎಂಬುದಲ್ಲ. ಹಾಗಾಗಿ ಇಲ್ಲಿ ಹಳೆಯ ಕಾರು ಕೊಳ್ಳುವವನಿಗೆ ಓದಲು ಇರುವ ಆಕರ ಕಾರಿನ ಮೈ ಒಂದೇ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ, ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ಮೂವತ್ತು ಸಾವಿರ ಕಿಲೋಮೀಟರ್ ಓಡಿದ ಕಾರೆನ್ನುತ್ತಾರೆ, ಬ್ರೇಕ್ ಪೆಡಲಿನ ರಬ್ಬರು ನುಣ್ಣಗೆ ಸವೆದಿರುತ್ತದೆ. ಸರ್ವಿಸ್ ಮಾಡಿಸಿದ ರಸೀತಿಗಳನ್ನು ಕೇಳಿ, ಅವುಗಳಲ್ಲಿರುವ ಕಿಲೋಮೀಟರುಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ ನೋಡಿ. ಮಾರುವವರ ಪರಿಚಯದವನಲ್ಲದ ಮೆಕ್ಯಾನಿಕ್ಕಿನ ಬಳಿ ಒಯ್ದು ಗಾಡಿಯನ್ನು ಮೇಲಕ್ಕೆತ್ತಿಸಿ, ಗಾಲಿ ಬಿಚ್ಚಿಸಿ. ಬ್ರೇಕ್ ಪೆಡಲನ್ನು ಒತ್ತಿ ಹಿಡಿದು ನಿಮಿಷ ಕಾಯಿರಿ. ಅದು ಮೆಲ್ಲಗೆ ಕೆಳಗಿಳಿದರೆ ಆ ಗಾಡಿಯಲ್ಲಿ ಮನೆಗೆ ಹೋಗಬೇಡಿ. ತೊಳೆದ ಗಾಡಿಯನ್ನು ನೋಡಿದ್ದರೆ ಒಣಗಿದ ಮೇಲೆ ಇನ್ನೊಮ್ಮೆ ನೋಡಿ.

ಬ್ರಿಟನ್ನಿನ ಪಟ್ಟಿಯನ್ನು ಇಷ್ಟು ಹೊಗಳಿದ ಮೇಲೆ ಅದರ ಕೊರತೆಯನ್ನೂ ಹೇಳಬೇಕು. ಅದು ಆ ದಿನದ ಮಾತು ಮಾತ್ರ. ಎಂಜಿನ್, ಕ್ಲಚ್ಚು, ಗೇರುಪೆಟ್ಟಿಗೆ ಹೇಗಿವೆ ಎಂದು ಪರೀಕ್ಷಕ ನೋಡುವುದಿಲ್ಲ. ಯಾವುದನ್ನೂ ಬಿಚ್ಚಿ ನೋಡುವ ಅಧಿಕಾರವೂ ಅವನಿಗಿಲ್ಲ. ಪರೀಕ್ಷೆಗೆ ಗರಿಷ್ಠ ಶುಲ್ಕ 54 ಪೌಂಡ್ 85 ಪೆನ್ಸ್. ಪರೀಕ್ಷಿಸುವ ಗ್ಯಾರೇಜೇ ರಿಪೇರಿಯನ್ನೂ ಮಾಡುವುದರಿಂದ ಪ್ರಶ್ನೆಪತ್ರಿಕೆ ತೆಗೆಯುವವನೇ ಮನೆಪಾಠವನ್ನೂ ಹೇಳಿದಂತೆ ಎಂಬ ಗೊಣಗು ಅಲ್ಲಿಯೂ ಇದೆ. ಅದಕ್ಕೇ ಕೆಲವರು ರಿಪೇರಿ ಮಾಡದ, ಪೌರಸಂಸ್ಥೆಗಳ ಪರೀಕ್ಷಾ ಕೇಂದ್ರಗಳನ್ನು ಹುಡುಕಿಕೊಂಡು ಹೋಗುತ್ತಾರೆ.

ನಮ್ಮ ಹುಡುಗಿ ಮಾರುವವನಿಗೆ ಫೋನು ಮಾಡಿ ರಸೀತಿ ಕೇಳಿದಳು. ಎಲ್ಲೋ ಇರಬೇಕು, ಹುಡುಕುತ್ತೇನೆ ಎಂದನಂತೆ. ಎರಡು ದಿನ ಬಿಟ್ಟು ಕೇಳಿದಾಗ ಬೇರೊಬ್ಬರು ಕೊಳ್ಳಲು ಬರುತ್ತಿದ್ದಾರೆ, ಬೇಗ ನಿರ್ಧರಿಸು ಎಂದನಂತೆ. ಅವಳು ತನ್ನ ಆಸ್ಪತ್ರೆಯ ಸಹೋದ್ಯೋಗಿಯೊಬ್ಬರಿಗೆ ಪರಿಚಯವಿದ್ದ ಗ್ಯಾರೇಜಿನವನನ್ನು ಹಣ ಕೊಟ್ಟು ಒಪ್ಪಿಸಿ ಕಾರನ್ನು ಎತ್ತಿಸಿ ನೋಡಿದಳು. ಕೆಳಭಾಗಕ್ಕೆಲ್ಲ ತುಕ್ಕು ತಡೆಯುವ ಕಪ್ಪು ಲೇಪ ದಪ್ಪಗೆ ಬಳಿದಿತ್ತು, ಬ್ರೇಕ್ ಪೈಪಿನ ಮೇಲೂ. ಮಾಲೀಕನ ಒಪ್ಪಿಗೆ ಪಡೆದು ಒಂದು ಕಡೆ ಲೇಪ ಒರೆಸಿದಾಗ ಕೆಳಗೆ ಪೈಪು ಹುಣ್ಣೆದ್ದ ಹಾಗೆ ಪದರ ಪದರವಾಗಿತ್ತು. ಲೇಪ ಬಳಿದವನು ಮೋಸಕ್ಕೇ ಬಳಿದನೋ, ಗಾಡಿ ಬಾಳಲಿ ಎಂದು ಬಳಿದನೋ ನನಗೆ ತಿಳಿಯದು. ಪರೀಕ್ಷಕ ಕಂಡದ್ದನ್ನಷ್ಟೇ ಬರೆಯಬಲ್ಲ. ಅವನಿಗೆ ಕಂಡದ್ದು ಕಪ್ಪು ಬಣ್ಣ.

ಡಿಸೆಂಬರಿನಲ್ಲಿ ಅವಳು ಕೊಂಡದ್ದು 2013ರ ಇನ್ನೊಂದು ಕಾರು. ಅದರ ಪಟ್ಟಿಯನ್ನೂ ನನಗೆ ಕಳಿಸಿದ್ದಳು. ನಾಲ್ಕು ಸಲ ಫೇಲಾದ ಗಾಡಿ! ಒಮ್ಮೆ ದೀಪ, ಒಮ್ಮೆ ಸಸ್ಪೆನ್ಷನ್ನಿನ ಸ್ಪ್ರಿಂಗು, ಎರಡು ಸಲ ಬ್ರೇಕು. ಪ್ರತಿ ಸಲವೂ ವಾರದೊಳಗೆ ಮರುಪರೀಕ್ಷೆ, ತೇರ್ಗಡೆ. ಮಾರಿದ ವೃದ್ಧ ದಂಪತಿ ಹನ್ನೆರಡು ವರ್ಷದ ರಸೀತಿಗಳನ್ನು ದಾರ ಕಟ್ಟಿದ ಕಡತದಲ್ಲಿ ಇಟ್ಟಿದ್ದರಂತೆ. ರಸೀತಿಯ ತಾರೀಖುಗಳನ್ನೂ ಪಟ್ಟಿಯ ತಾರೀಖುಗಳನ್ನೂ ನಾವಿಬ್ಬರೂ ಫೋನಿನಲ್ಲಿಯೇ ಒಂದೊಂದಾಗಿ ತಾಳೆ ನೋಡಿದೆವು. ನಡುವೆ ಒಂದು ಕಡೆ ಅವಳೇ ನನ್ನ ಲೆಕ್ಕದ ತಪ್ಪನ್ನು ಹಿಡಿದಳು.

ಸಂಕ್ರಾಂತಿಗೆ ಅಣ್ಣನ ಮನೆಗೆ ಹೋಗಿದ್ದಾಗ ಈ ಕಥೆಯನ್ನೆಲ್ಲ ಹೇಳಿದೆ. ಜಗಲಿಯ ಮೇಲೆ ಬಲಗಾಲು ನೀಡಿಕೊಂಡು ಕುಳಿತು, ಎಳ್ಳು ಬೆಲ್ಲ ಅಗಿಯುತ್ತ ಕೇಳಿದ. ಬ್ರಿಟನ್ನಿನ ಮಂತ್ರಿಗಳ ವಿಷಯದಲ್ಲಿ ಅವನಿಗೆ ಅಂಥ ಆಸಕ್ತಿ ಇದ್ದಂತೆ ತೋರಲಿಲ್ಲ. ಕೊನೆಗೆ ಒಂದೇ ಪ್ರಶ್ನೆ ಕೇಳಿದ.

“ಈಗ ತಗೊಂಡಿರೋ ಗಾಡಿಗೆ ಬ್ರೇಕ್ ಪೈಪ್ ಹೊಸದೇನೋ?”

“ಹೌದಣ್ಣ. 2021ರಲ್ಲಿ ಹಾಕ್ಸಿದಾರೆ. ರಸೀತಿ ನೋಡಿದೀನಿ.”

“ಹಿಂದಿನ ಗಾಲಿ ಬಿಚ್ಚಿ ನೋಡಿದ್ರಾ?”

“ಬಿಚ್ಚಿಸಿದ್ವಿ ಅಣ್ಣ.”

ಸರಿ ಎನ್ನುವಂತೆ ತಲೆಯಾಡಿಸಿ, ಕಾಫಿ ತರಲು ಅತ್ತಿಗೆಯನ್ನು ಕೂಗಿದ.